ಕುಂಡದ ವೀಳ್ಯದೆಲೆ ಬಳ್ಳಿಗೆ ವಯಸ್ಸಾದಾಗ: ಕತ್ತರಿಸಬೇಡಿ, ಇಳಿಸಿ

ಪ್ರಶ್ನೆ: ಮೇಡಂ, ನಮ್ಮ ಮನೆ ಬೆಂಗಳೂರಿನಲ್ಲಿ, ಎರಡನೇ ಮಹಡಿಯಲ್ಲಿ. ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಹದಿನಾಲ್ಕು ಇಂಚಿನ ಕುಂಡದೊಳಗೆ ಆರು ವರ್ಷದ ವೀಳ್ಯದೆಲೆ ಬಳ್ಳಿ ಇದೆ. ತವರುಮನೆಯ ಹಿತ್ತಲಿನಿಂದ ತಂದು ನೆಟ್ಟದ್ದು. ಮೊದಲ ಮೂರು ವರ್ಷ ಅಂಗೈಯಗಲದ ಎಲೆ ಬಿಡುತ್ತಿತ್ತು. ಈಗ ಮೂರು ಮುಖ್ಯ ಬಳ್ಳಿಗಳೂ ಕಬ್ಬಿಣದ ಗ್ರಿಲ್ ಹತ್ತಿ ಚಾವಣಿ ಮುಟ್ಟಿವೆ. ಕೆಳಗಿನ ಆರೇಳು ಅಡಿ ಬೋಳು. ಮೇಲಿನ ಎಲೆಗಳು ಎರಡು ಬೆರಳಿನಷ್ಟೇ ಅಗಲ, ಬಣ್ಣ ತಿಳಿಹಳದಿ, ತುದಿ ಸುಟ್ಟಂತೆ ಕಾಣುತ್ತದೆ. ಎಲೆಯಡಿ ಸಣ್ಣ ಕಪ್ಪು ಚುಕ್ಕೆಗಳಿವೆ. ನೀರು ಹಾಕಿದ ಕೂಡಲೇ ಕೆಳಗಿನ ತೂತಿನಿಂದ ಹರಿದುಹೋಗುತ್ತದೆ. ನೀರು ವ್ಯರ್ಥವಾಗಬಾರದೆಂದು ಕುಡಿಯುವ ನೀರು ಶುದ್ಧಮಾಡುವ ಆರ್‌ಓ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನೇ ಹಾಕುತ್ತೇನೆ. ಎಪ್ಸಮ್ ಉಪ್ಪು, ಹುಳಿಮಜ್ಜಿಗೆ, ಚಹಾ ಚರಟ ಎಲ್ಲವನ್ನೂ ಹಾಕಿ ನೋಡಿದೆ. ಬುಡದಿಂದ ಕತ್ತರಿಸಿಬಿಡಲೇ? ದೊಡ್ಡ ಕುಂಡಕ್ಕೆ ಬದಲಾಯಿಸಲೇ? ವೀಳ್ಯದ ಬಳ್ಳಿಗೆ ಕತ್ತರಿ ಹಾಕಬಾರದು ಎಂದು ನಮ್ಮ ಅತ್ತೆ ಹೇಳುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗಾದರೂ ಒಳ್ಳೆಯ ಎಲೆ ಸಿಕ್ಕೀತೇ?

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಎಲೆತೋಟ ಮಾಡುವವರು ವಯಸ್ಸಾದ ಬಳ್ಳಿಯನ್ನು ಬುಡದಿಂದ ಕತ್ತರಿಸುವುದಿಲ್ಲ. ಅದನ್ನು ಇಳಿಸುತ್ತಾರೆ. ಆಸರೆಯ ಮರದಿಂದ ಬಳ್ಳಿಯನ್ನು ಬಿಡಿಸಿ, ಬೋಳಾದ ಉದ್ದ ಕಾಂಡವನ್ನು ಬುಡದ ಸುತ್ತ ಸಿಂಬಿಯಂತೆ ಸುತ್ತಿ, ಮಣ್ಣು ಮುಚ್ಚಿ, ಎಲೆಯಿರುವ ತುದಿಯನ್ನಷ್ಟೇ ಮತ್ತೆ ಆಸರೆಗೆ ಕಟ್ಟುತ್ತಾರೆ. ಮಣ್ಣೊಳಗೆ ಹೋದ ಗೆಣ್ಣುಗಳಲ್ಲಿ ಬೇರು ಇಳಿಯುತ್ತದೆ. ಬಾಗಿದ ಗೆಣ್ಣುಗಳಿಂದ ಹೊಸ ಹಂಬುಗಳು ಏಳುತ್ತವೆ. ಹೀಗೆ ವರ್ಷಕ್ಕೊಮ್ಮೆ ಇಳಿಸುತ್ತಾ ಬರುವುದರಿಂದಲೇ ಅಡಿಕೆ ತೋಟಗಳ ವೀಳ್ಯದ ಬಳ್ಳಿ ಹತ್ತು ವರ್ಷ ದಾಟಿದರೂ ಅಗಲವಾದ ಎಲೆ ಕೊಡುತ್ತದೆ. ನಿಮ್ಮ ಬಳ್ಳಿಗೆ ಆರು ವರ್ಷ, ಆದರೆ ಅದನ್ನು ಯಾರೂ ಒಮ್ಮೆಯೂ ಇಳಿಸಿಲ್ಲ. ಅದಕ್ಕೆ ಬೇಕಾಗಿರುವುದು ಇನ್ನೊಂದು ಬಗೆಯ ಗೊಬ್ಬರವಲ್ಲ, ನೆಲದ ಸ್ಪರ್ಶ.

ಹೀಗೇಕೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭ. ವೀಳ್ಯದೆಲೆ ಕಾಳುಮೆಣಸಿನ ಹತ್ತಿರದ ನೆಂಟ, ಎರಡೂ ಒಂದೇ ಕುಲಕ್ಕೆ ಸೇರಿದವು. ಎರಡರಲ್ಲೂ ಕಾಂಡ ಎರಡು ಬಗೆಯದು. ಮೇಲಕ್ಕೆ ಹತ್ತುವ ಕಾಂಡದಲ್ಲಿ ಪ್ರತಿ ಗೆಣ್ಣಿನಲ್ಲೂ ಅಂಟುಬೇರು ಮೂಡುತ್ತದೆ. ಅದರಿಂದ ಪಕ್ಕಕ್ಕೆ ಹೊರಡುವ ಕೊಂಬೆಗಳಲ್ಲಿ ಬೇರು ಇರುವುದಿಲ್ಲ. ತೋಟದಲ್ಲಿ ಬಳ್ಳಿ ಸುಮಾರು ಮೂರು ಮೀಟರ್, ಅಂದರೆ ಹತ್ತು ಅಡಿ ಎತ್ತರಕ್ಕೆ ಹೋದಾಗ ಎಲೆಯ ಅಳತೆ ಕುಗ್ಗತೊಡಗುತ್ತದೆ. ಒಳ್ಳೆಯ ಮಣ್ಣು, ನೀರು, ನೆರಳು ಎಲ್ಲ ಇದ್ದರೂ ಇದು ತಪ್ಪುವುದಿಲ್ಲ. ಇಪ್ಪತ್ತೈದು ಲೀಟರ್ ಮಣ್ಣಷ್ಟೇ ಹಿಡಿಯುವ ನಿಮ್ಮ ಕುಂಡದಲ್ಲಿ ಮೂರು ಬಳ್ಳಿಗಳು ಚಾವಣಿ ಮುಟ್ಟಿವೆ. ಆರು ವರ್ಷಗಳ ಹಿಂದಿನ ಬೇರುಗಳೇ ಆ ಅಷ್ಟೂ ಎಲೆಗೆ ನೀರು ಉಣಿಸಬೇಕಾಗಿದೆ. ಕಬ್ಬಿಣದ ಗ್ರಿಲ್ ಮೇಲೆ ಅಂಟುಬೇರಿಗೆ ಹಿಡಿತವೂ ಇಲ್ಲ, ತೇವವೂ ಇಲ್ಲ. ಅದು ಮೂಡಿದಲ್ಲೇ ಒಣಗುತ್ತದೆ. ಒಮ್ಮೆ ಬೋಳು ಕಾಂಡವನ್ನು ಬೆರಳಿನಿಂದ ಸವರಿ ನೋಡಿ, ಗೆಣ್ಣುಗಳ ಬಳಿ ಒಣ ಮೊಳೆಗಳಂತಹ ಬೇರಿನ ತುದಿಗಳು ಕೈಗೆ ಸಿಗುತ್ತವೆ. ಅವೇ ಗೆಣ್ಣುಗಳು ಒದ್ದೆ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತವೆ. ನಿಮ್ಮ ಬಳ್ಳಿಯಲ್ಲಿ ಆರೇಳು ಅಡಿ ಉದ್ದದ ಬೋಳು ಕಾಂಡವಿದೆ ಎಂದು ಬೇಸರಿಸಿದ್ದೀರಿ. ನನ್ನ ಕಣ್ಣಿಗೆ ಅದೇ ನಿಮ್ಮ ಬಂಡವಾಳ.

ಆದರೆ ಈಗ ಮಾರ್ಚ್ ತಿಂಗಳು. ಇಂದೇ ಇಳಿಸಲು ಹೊರಡಬೇಡಿ. ಕೆಲವೆಡೆ ಎಲೆತೋಟದವರು ಮಾರ್ಚ್-ಏಪ್ರಿಲ್‌ನಲ್ಲೇ ಇಳಿಸುವುದುಂಟು. ಅವರಿಗೆ ತೋಟದ ತಂಪು, ಮರದ ನೆರಳು, ಹರಿಯುವ ಕಾಲುವೆ ನೀರು ಇರುತ್ತದೆ. ಬೆಂಗಳೂರಿನ ಮಹಡಿಯ ಮೇಲೆ ಈ ತಿಂಗಳುಗಳಲ್ಲಿ ಬೀಸುವುದು ಒಣಗಾಳಿ. ಮೇ ಕೊನೆಯಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದು ಗಾಳಿಯಲ್ಲಿ ತಂಪು ಬಂದ ಮೇಲೆ, ಜೂನ್ ಮುಗಿಯುವುದರೊಳಗೆ ಈ ಕೆಲಸ ಮಾಡಿ. ಅಲ್ಲಿಯವರೆಗೆ ಮಾಡಬೇಕಾದ ಒಂದು ಮುಖ್ಯ ಕೆಲಸವಿದೆ: ಕುಂಡದೊಳಗೆ ಸೇರಿರುವ ಉಪ್ಪನ್ನು ತೊಳೆಯುವುದು.

ಆರ್‌ಓ ಯಂತ್ರ ನೀರಿನಿಂದ ಉಪ್ಪನ್ನು ಬೇರ್ಪಡಿಸಿ ಕುಡಿಯುವ ನೀರನ್ನು ಒಂದು ಕಡೆಗೆ ಬಿಡುತ್ತದೆ. ಬೇರ್ಪಟ್ಟ ಉಪ್ಪೆಲ್ಲ ಹೊರಹೋಗುವ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗಿರುತ್ತದೆ. ನಿಮ್ಮದು ಬೋರ್‌ವೆಲ್ ನೀರಾದರೆ ಇದು ದುಪ್ಪಟ್ಟು ತೊಂದರೆ. ಗಿಡ ನೀರನ್ನು ಹೀರಿಕೊಳ್ಳುತ್ತದೆ, ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ನೆಲದಲ್ಲಾದರೆ ಮಳೆ ಅದನ್ನು ಆಳಕ್ಕೆ ತೊಳೆದುಬಿಡುತ್ತದೆ, ಚಾವಣಿಯ ಕೆಳಗಿನ ಕುಂಡಕ್ಕೆ ಆ ಭಾಗ್ಯವಿಲ್ಲ. ಕುಂಡದ ಅಂಚಿನಲ್ಲಿ ಬಿಳಿಯ ಪುಡಿಯಂತಹ ಪದರ ಕಟ್ಟಿದೆಯೇ ನೋಡಿ. ಎಲೆಯ ತುದಿ ಸುಡಲು ಅದೇ ಕಾರಣ. ಎಪ್ಸಮ್ ಉಪ್ಪು ಮೆಗ್ನೀಸಿಯಂ ಕೊರತೆಗೆ ಒಳ್ಳೆಯ ಔಷಧ ಎಂಬುದು ನಿಜ. ಆ ಕೊರತೆಯಲ್ಲಿ ಹಳೆಯ ಎಲೆಗಳ ನರ ಹಸಿರಾಗಿಯೇ ಇದ್ದು, ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಅಂತಹ ಗುರುತು ಕಾಣದೆ ಹಾಕಿದರೆ, ಉಪ್ಪು ಹೆಚ್ಚಾಗಿ ಬಳಲುತ್ತಿರುವ ಬೇರಿಗೆ ಇನ್ನೊಂದು ಉಪ್ಪನ್ನು ಉಣಿಸಿದಂತಾಗುತ್ತದೆ. ದಯವಿಟ್ಟು ನಿಲ್ಲಿಸಿ. ಮಜ್ಜಿಗೆಯನ್ನೂ ಸಕ್ಕರೆ ಬೆರೆತ ಚಹಾ ಚರಟವನ್ನೂ ನಿಲ್ಲಿಸಿ, ಅವು ಇರುವೆಗಳನ್ನು ಕರೆಯುತ್ತವೆ. ಇರುವೆ ಬಂದ ಕುಂಡಕ್ಕೆ ಹಿಂದೆಯೇ ಹಿಟ್ಟುತಿಗಣೆ ಬರುತ್ತದೆ, ಏಕೆಂದರೆ ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಪಾಡುತ್ತವೆ.

ಉಪ್ಪು ತೊಳೆಯುವುದು ಹೀಗೆ. ಕಾವೇರಿ ನೀರಾಗಲಿ ಹಿಡಿದಿಟ್ಟ ಮಳೆನೀರಾಗಲಿ ನಲವತ್ತರಿಂದ ಐವತ್ತು ಲೀಟರ್ ಬೇಕು, ಅಂದರೆ ಕುಂಡದ ಅಳತೆಯ ಎರಡರಷ್ಟು. ಎಲ್ಲವನ್ನೂ ಒಮ್ಮೆಗೇ ಸುರಿದರೆ ಕೆಳಗಿನ ಮನೆಯವರ ಬಟ್ಟೆಯ ಮೇಲೆ ಬೀಳುತ್ತದೆ, ಬೇರಿಗೂ ಪ್ರಯೋಜನವಿಲ್ಲ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಟ್ಟು ಅಡಿಯಲ್ಲಿ ಅಗಲವಾದ ಬೇಸಿನ್ ಇಡಿ. ಗಿಡಕ್ಕೆ ನೀರು ಚಿಮುಕಿಸುವ ಝಾರಿಯಿಂದ ಹತ್ತು ಲೀಟರ್‌ನಷ್ಟು ನಿಧಾನವಾಗಿ ಹಾಕಿ, ಅರ್ಧ ಗಂಟೆ ಬಿಟ್ಟು, ಬೇಸಿನ್ನಿನ ನೀರನ್ನು ಚೆಲ್ಲಿ ಮತ್ತೆ ಹಾಕಿ. ಬೆಳಗ್ಗೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಬೇಸಿನ್ನಿಗೆ ಇಳಿದ ನೀರನ್ನು ಮತ್ತೆ ಯಾವ ಗಿಡಕ್ಕೂ ಹಾಕಬೇಡಿ. ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಹೀಗೆಯೇ ಮಾಡಿ. ಆರ್‌ಓ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿಕೊಳ್ಳಿ. ನೀರು ಉಳಿಸಬೇಕೆಂಬ ನಿಮ್ಮ ಕಾಳಜಿ ದೊಡ್ಡದು, ಹೀಗೆ ಮಾಡಿದರೆ ಅದಕ್ಕೂ ಧಕ್ಕೆಯಾಗುವುದಿಲ್ಲ.

ನೀರು ಹಾಕಿದ ಕೂಡಲೇ ಕೆಳಗೆ ಹರಿಯುತ್ತದೆ ಎಂದಿದ್ದೀರಿ. ಅನೇಕರು ಇದನ್ನು ನೀರು ಚೆನ್ನಾಗಿ ಬಸಿಯುತ್ತಿರುವ ಲಕ್ಷಣವೆಂದು ತಿಳಿಯುತ್ತಾರೆ, ಹಳೆಯ ಕುಂಡದಲ್ಲಿ ಅದರ ಅರ್ಥ ಬೇರೆ. ವರ್ಷಗಳು ಕಳೆದಂತೆ ಗೊಬ್ಬರದ ಅಂಶ ಕರಗಿ ಮಣ್ಣು ಕುಗ್ಗುತ್ತದೆ. ಬೇರುಗಳು ಕುಂಡದ ಗೋಡೆಗೆ ಸುತ್ತಿಕೊಂಡು ಚಾಪೆಯಂತಾಗುತ್ತವೆ. ಒಣಗಿದ ಮಣ್ಣಿನ ಗಡ್ಡೆ ಮತ್ತು ಗೋಡೆಯ ನಡುವೆ ಸಂದು ಬೀಳುತ್ತದೆ. ತೆಂಗಿನ ನಾರಿನ ಪುಡಿ ಹೆಚ್ಚಿದ್ದರೆ ಒಮ್ಮೆ ಪೂರ್ತಿ ಒಣಗಿದ ಮೇಲೆ ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಆಗ ಹಾಕಿದ ನೀರು ಆ ಸಂದಿನಲ್ಲೇ ಜಾರಿ ಹೊರಗೆ ಹೋಗುತ್ತದೆ, ನಡುವಿನ ಬೇರು ಬಾಯಾರಿಕೆಯಿಂದಲೇ ಇರುತ್ತದೆ. ಮೇಲೆ ಹೇಳಿದಂತೆ ನಿಧಾನವಾಗಿ ತೊಳೆಯುವಾಗ ಈ ಗಡ್ಡೆಯೂ ನೆನೆಯುತ್ತದೆ. ಒಂದು ಹಳೆಯ ಹೆಣಿಗೆ ಸೂಜಿಯಿಂದ ಮಣ್ಣಿನಲ್ಲಿ ಏಳೆಂಟು ಕಡೆ ಆಳವಾಗಿ ಚುಚ್ಚಿ ದಾರಿ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಕಪ್ಪು ಚುಕ್ಕೆಗಳ ವಿಷಯ. ಎಲೆಯನ್ನು ತಿರುಗಿಸಿ ಬೆರಳಿನಿಂದ ಉಜ್ಜಿ. ಚುಕ್ಕೆ ಉದುರಿಹೋಗಿ, ಅದರಡಿಯ ಎಲೆ ಹಸಿರಾಗಿಯೇ ಇದ್ದರೆ ಹೆದರಬೇಡಿ. ಮೆಣಸಿನ ಕುಲದ ಬಳ್ಳಿಗಳು ಎಳೆಯ ಎಲೆಗಳ ಅಡಿಯಲ್ಲಿ ಗಾಜಿನ ಮಣಿಯಂತಹ ಸಣ್ಣ ಹನಿಗಳನ್ನು ತಾವೇ ಒಸರುತ್ತವೆ. ಅವು ಒಣಗಿದಾಗ ಕಪ್ಪಾಗುತ್ತವೆ. ಹುಳುವಿನ ಮೊಟ್ಟೆಯೆಂದು ಔಷಧ ಹೊಡೆದು ಗಿಡ ಹಾಳು ಮಾಡಿಕೊಂಡವರಿದ್ದಾರೆ. ಉಜ್ಜಿದರೂ ಹೋಗದ ಚುಕ್ಕೆಯಾಗಿದ್ದು, ಸುತ್ತ ಹಳದಿ ಉಂಗುರವಿದ್ದರೆ ಅದು ಎಲೆಚುಕ್ಕೆ ರೋಗ. ಅಂತಹ ಎಲೆಗಳನ್ನು ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ, ಮತ್ತು ಎಲೆಯ ಮೇಲೆ ಸಂಜೆ ಹೊತ್ತು ನೀರು ಚಿಮುಕಿಸುವುದನ್ನು ನಿಲ್ಲಿಸಿ. ಬೇಸಿಗೆಯಲ್ಲಿ ಎಲೆಯ ಮೇಲ್ಮೈ ಧೂಳು ಹಿಡಿದಂತೆ ಮಂಕಾಗಿ, ಅಡಿಯಲ್ಲಿ ಸೂಕ್ಷ್ಮ ಬಲೆ ಕಂಡರೆ ಅದು ನುಸಿ. ಬೆಳಗಿನ ಹೊತ್ತು ಎಲೆಯ ಅಡಿಗೆ ಬೀಳುವಂತೆ ರಭಸವಾಗಿ ನೀರು ಹಾಯಿಸಿ ತೊಳೆದರೆ ಸಾಕು.

ಈಗ ಜೂನ್ ತಿಂಗಳ ಕೆಲಸಕ್ಕೆ ಬರುತ್ತೇನೆ. ಇದನ್ನು ವಿವರವಾಗಿ ಹೇಳಲೇಬೇಕು.

ಮೊದಲು ಕುಂಡ. ದೊಡ್ಡದಕ್ಕೆ ಬದಲಾಯಿಸಲೇ ಎಂದು ಕೇಳಿದ್ದೀರಿ. ಬದಲಾಯಿಸಿ, ಆದರೆ ಆಳಕ್ಕಿಂತ ಅಗಲ ನೋಡಿ ಕೊಳ್ಳಿ. ವೀಳ್ಯದ ಬೇರು ಹೆಚ್ಚು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬಾಯಿ ಹದಿನೆಂಟು ಇಂಚು ಅಗಲವಿದ್ದು ಒಂದಡಿಗಿಂತ ಸ್ವಲ್ಪ ಹೆಚ್ಚು ಆಳವಿರುವ ತೊಟ್ಟಿ ಸಾಕು. ಗೋಡೆಯಿಂದ ಒಂದೂವರೆ ಇಂಚು ಬಿಟ್ಟು ಬಳ್ಳಿ ಸುತ್ತಿದರೆ ಒಂದು ಸುತ್ತಿಗೆ ಸುಮಾರು ನಾಲ್ಕು ಅಡಿ ಹಿಡಿಯುತ್ತದೆ. ನಿಮ್ಮ ಈಗಿನ ಕುಂಡದಲ್ಲಿ ಒಂದು ಸುತ್ತಿಗೆ ಮೂರಡಿಯೂ ಕಷ್ಟ. ಮಣ್ಣಿನ ಕುಂಡವಾದರೆ ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ. ಪ್ಲಾಸ್ಟಿಕ್ ತೊಟ್ಟಿಯಾದರೆ ಅಡಿಯಲ್ಲಿ ಮಾತ್ರವಲ್ಲದೆ ಪಕ್ಕದಲ್ಲೂ, ತಳದಿಂದ ಒಂದು ಇಂಚು ಮೇಲೆ, ತೂತು ಮಾಡಿಸಿ. ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಎರಡು ಪಾಲು, ದಪ್ಪ ಮರಳು ಒಂದು ಪಾಲು ಬೆರೆಸಿ. ಇದಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಹಸಿ ಸಗಣಿ ಬೇಡವೇ ಬೇಡ, ಅದರ ಬಿಸಿಗೆ ಎಳೆಬೇರು ಸಾಯುತ್ತದೆ. ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿ ತೋಟಗಾರಿಕೆ ಅಂಗಡಿಗಳಲ್ಲಿ ಸಿಗುತ್ತದೆ. ಒಂದೆರಡು ಚಮಚವನ್ನು ಒದ್ದೆ ಗೊಬ್ಬರದಲ್ಲಿ ಕಲಸಿ ಒಂದು ವಾರ ನೆರಳಲ್ಲಿಟ್ಟು ಆಮೇಲೆ ಮಣ್ಣಿಗೆ ಬೆರೆಸಿದರೆ, ಮಳೆಗಾಲದ ಬುಡಕೊಳೆಯನ್ನು ತಡೆಯಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಇಳಿಸುವ ದಿನಕ್ಕೆ ಎರಡು ದಿನ ಮೊದಲು ನೀರು ನಿಲ್ಲಿಸಿ. ಬೋಳು ಕಾಂಡದಲ್ಲಿ ಅಲ್ಲಲ್ಲಿ ಉಳಿದ ಎಲೆ, ಒಣ ಕೊಂಬೆಗಳನ್ನು ಹಿಂದಿನ ದಿನವೇ ತೆಗೆದು ಗಾಯ ಒಣಗಲು ಬಿಡಿ. ಇಳಿಸುವುದನ್ನು ಬೆಳಗ್ಗೆ ಮಾಡಬೇಡಿ. ಬೆಳಗಿನ ಹೊತ್ತು ಗೆಣ್ಣುಗಳಲ್ಲಿ ನೀರು ತುಂಬಿ ಬಿಗಿಯಾಗಿರುತ್ತವೆ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತವೆ. ಮಧ್ಯಾಹ್ನದ ಮೇಲೆ ಬಳ್ಳಿ ಸ್ವಲ್ಪ ಸೋತಿರುವಾಗ ಅದು ಮಾತು ಕೇಳುತ್ತದೆ. ಜೊತೆಗೆ ಇನ್ನೊಬ್ಬರು ಇರಲಿ. ಮೇಲಿನ ತುದಿಯನ್ನು ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕಟ್ಟುಗಳನ್ನು ಬಿಚ್ಚುತ್ತಾ ಬರಬೇಕು. ಎಳೆಯಬೇಡಿ. ಗ್ರಿಲ್ಲಿಗೆ ಸುತ್ತಿಕೊಂಡ ಕಡೆ ಬಿಡಿಸಲು ಆಗದಿದ್ದರೆ ಆ ಜಾಗದಲ್ಲಿ ಕತ್ತರಿಸಿ ತುಂಡನ್ನು ನೆಡಲು ಇಟ್ಟುಕೊಳ್ಳಿ.

ಬಳ್ಳಿ ಕೆಳಗೆ ಬಂದ ಮೇಲೆ ಬುಡವನ್ನು ಪರೀಕ್ಷಿಸಿ. ಮಣ್ಣಿಗೆ ತಾಗುವ ಜಾಗದಲ್ಲಿ ಉಗುರಿನಿಂದ ಲಘುವಾಗಿ ಕೆರೆದಾಗ ಒಳಗೆ ಹಸಿರು ಕಂಡರೆ ಬಳ್ಳಿ ಗಟ್ಟಿ. ಕಪ್ಪಾಗಿ ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಆ ಬಳ್ಳಿಯನ್ನು ಹೂಳಬಾರದು. ಕೊಳೆತ ಭಾಗದಿಂದ ಒಂದಡಿ ಮೇಲೆ ಕತ್ತರಿಸಿ ಆರೋಗ್ಯದ ಭಾಗವನ್ನಷ್ಟೇ ಉಳಿಸಿಕೊಳ್ಳಿ. ಹಳೆಯ ಕುಂಡವನ್ನು ಓರೆ ಮಾಡಿ ಗಡ್ಡೆಯನ್ನು ಹೊರತೆಗೆಯಿರಿ. ಗೋಡೆಗೆ ಅಂಟಿದ ಬೇರಿನ ಚಾಪೆಯನ್ನು ಸುತ್ತಲೂ ಒಂದು ಇಂಚು, ತಳದಲ್ಲಿ ಎರಡು ಇಂಚಿನಷ್ಟು ಹರಿತವಾದ ಕುಡುಗೋಲಿನಿಂದ ಸವರಿ. ಒಟ್ಟು ಬೇರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೇರುಗಳ ಮೇಲೆ ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದ ಗಂಟುಗಳು ತುಂಬಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ, ಕೈಯಲ್ಲಿ ಉಜ್ಜಿದರೂ ಅವು ಉದುರುವುದಿಲ್ಲ. ಹಾಗಿದ್ದರೆ ಹಳೆಯ ಮಣ್ಣನ್ನೂ ಬೇರನ್ನೂ ಪೂರ್ತಿ ಬಿಟ್ಟುಬಿಡಿ, ಮೇಲಿನ ಕಾಂಡದ ತುಂಡುಗಳಿಂದ ಹೊಸ ಮಣ್ಣಿನಲ್ಲಿ ಹೊಸದಾಗಿಯೇ ಶುರು ಮಾಡಿ.

ಎಲ್ಲ ಸರಿಯಿದ್ದರೆ ಗಡ್ಡೆಯನ್ನು ಹೊಸ ತೊಟ್ಟಿಯ ನಡುವೆ ಕೂರಿಸಿ. ಗಡ್ಡೆಯ ಮೇಲ್ಭಾಗ ತೊಟ್ಟಿಯ ಅಂಚಿನಿಂದ ನಾಲ್ಕು ಇಂಚು ಕೆಳಗಿರಲಿ. ಸುತ್ತಲೂ ಹೊಸ ಮಣ್ಣು ತುಂಬಿ. ಮೂರು ಬಳ್ಳಿಗಳನ್ನೂ ಒಂದೇ ತೊಟ್ಟಿಯಲ್ಲಿ ಸುತ್ತುವ ಆಸೆ ಬೇಡ, ಜಾಗ ಸಾಲದು, ಒಂದರ ಮೇಲೊಂದು ಬಿದ್ದ ಕಾಂಡ ಕೊಳೆಯುತ್ತದೆ. ಹೆಚ್ಚು ಗಟ್ಟಿಯಾದ ಎರಡನ್ನು ಆರಿಸಿಕೊಳ್ಳಿ. ಒಂದೊಂದನ್ನೂ ಒಂದೂವರೆ ಸುತ್ತು ಸುತ್ತಿದರೆ ಆರಡಿ ಬೋಳು ಕಾಂಡ ಮಣ್ಣೊಳಗೆ ಹೋಗುತ್ತದೆ. ಎರಡು ಸುತ್ತುಗಳ ನಡುವೆ ಎರಡು ಬೆರಳಿನಷ್ಟು ಮಣ್ಣು ಇರಬೇಕು. ಬಳ್ಳಿಯ ಬೇರಿದ್ದ ಮಗ್ಗುಲು ಕೆಳಗೆ ಬರುವಂತೆ ತಿರುಗಿಸಿ, ಗೆಣ್ಣುಗಳನ್ನು ಮಣ್ಣಿಗೆ ಒತ್ತಿ, ಮೇಲೆ ಎರಡು ಇಂಚು ಮಣ್ಣು ಮುಚ್ಚಿ. ಅದಕ್ಕಿಂತ ಆಳ ಬೇಡ. ಕಾಂಡ ಮೇಲಕ್ಕೆ ಚಿಮ್ಮುತ್ತಿದ್ದರೆ ತಂತಿಯನ್ನು ಕೂದಲಪಿನ್ನಿನಂತೆ ಬಗ್ಗಿಸಿ ಒತ್ತಿ ಹಿಡಿಸಿ. ಪ್ರತಿ ಬಳ್ಳಿಯ ಎಲೆಯಿರುವ ತುದಿ ಒಂದೂವರೆಯಿಂದ ಎರಡಡಿ ಮಣ್ಣಿನ ಮೇಲೆ ಉಳಿಯಬೇಕು. ಅಲ್ಲಿಂದಾಚೆಗೆ ಚಾವಣಿಯಲ್ಲಿ ಹರಡಿದ ಪಕ್ಕದ ಕೊಂಬೆಗಳನ್ನು ತೆಗೆದುಬಿಡಿ. ಎಲೆಗಳನ್ನು ಮಾತ್ರ ಮಣ್ಣಲ್ಲಿ ಹೂಳಬೇಡಿ.

ಮೂರನೇ ಬಳ್ಳಿ ನಿಮ್ಮ ವಿಮೆ. ಅದರ ಮೇಲಿನ ಅರ್ಧವನ್ನು ಮೂರು ನಾಲ್ಕು ಗೆಣ್ಣುಗಳ ತುಂಡುಗಳನ್ನಾಗಿ ಮಾಡಿ. ಗೆಣ್ಣುಗಳಲ್ಲಿ ಅಂಟುಬೇರು ಇರುವ ಹತ್ತುವ ಕಾಂಡವೇ ಬೇಕು. ಕಾಳುಮೆಣಸಿನಲ್ಲಿ ಪಕ್ಕದ ಕೊಂಬೆಯನ್ನು ನೆಟ್ಟರೆ ಅದು ಬಳ್ಳಿಯಾಗದೆ ಪೊದೆಯಾಗುತ್ತದೆ, ಪೊದೆಮೆಣಸು ಮಾಡುವುದು ಹಾಗೆಯೇ. ವೀಳ್ಯದಲ್ಲೂ ಹತ್ತುವ ಹಂಬು ಬೇಕಿದ್ದರೆ ಹತ್ತುವ ಕಾಂಡದ ತುಂಡನ್ನೇ ನೆಡಬೇಕು. ಎರಡು ಗೆಣ್ಣು ಮಣ್ಣಿನೊಳಗೆ, ಉಳಿದದ್ದು ಮೇಲೆ ಇರುವಂತೆ ಓರೆಯಾಗಿ ನೆಟ್ಟು, ನೆರಳಲ್ಲಿಟ್ಟು, ಮೇಲೆ ತೂತಿರುವ ಪ್ಲಾಸ್ಟಿಕ್ ಚೀಲ ಮುಚ್ಚಿ. ನಿಮ್ಮ ಹಳೆಯ ಹದಿನಾಲ್ಕು ಇಂಚಿನ ಕುಂಡವನ್ನು ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿದರೆ ಇದಕ್ಕೇ ಬಳಸಬಹುದು. ತವರುಮನೆಯಿಂದ ತಂದ ಬಳ್ಳಿ ಎಂದಿದ್ದೀರಲ್ಲ, ಅಂತಹ ಬಳ್ಳಿ ಎಂದೂ ಒಂದೇ ಕುಂಡದಲ್ಲಿ ಇರಬಾರದು. ಎರಡನೆಯದನ್ನು ಅಕ್ಕನ ಮನೆಯಲ್ಲೋ ಗೆಳತಿಯ ಮನೆಯಲ್ಲೋ ನೆಟ್ಟಿಡಿ.

ಅತ್ತೆಯವರಿಗೆ ಹೇಳಿ, ಇಳಿಸುವ ಎರಡು ಬಳ್ಳಿಗಳಲ್ಲಿ ಬುಡಕ್ಕೆ ಕತ್ತರಿ ತಾಗುತ್ತಿಲ್ಲ, ಅವು ತಮ್ಮ ಬುಡಕ್ಕೇ ಮರಳುತ್ತಿವೆ. ಮೂರನೆಯದು ಹೊಸ ಬಳ್ಳಿಗಳಾಗುತ್ತಿದೆ. ಎಲೆತೋಟದ ಹಿರಿಯರೂ ಇದನ್ನೇ ಮಾಡುತ್ತಾ ಬಂದಿದ್ದಾರೆ.

ಆಸರೆಯನ್ನು ಈ ಬಾರಿ ಬದಲಾಯಿಸಿ. ಗ್ರಿಲ್ ಬಿಸಿಲಿಗೆ ಕಾಯುತ್ತದೆ, ಎಳೆಯ ಹಂಬು ತಾಗಿದಲ್ಲಿ ಬಾಡುತ್ತದೆ. ನಾಲ್ಕು ಇಂಚು ದಪ್ಪದ ಪಿವಿಸಿ ಕೊಳವೆಗೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ ಗಡ್ಡೆಯನ್ನು ಕೂರಿಸುವಾಗಲೇ ಅದರ ಪಕ್ಕ ನಿಲ್ಲಿಸಿ, ಅಥವಾ ಅಡಿಕೆ ದಬ್ಬೆ ಸಿಕ್ಕರೆ ಅದಕ್ಕೆ ಹಗ್ಗ ಸುತ್ತಿ. ಐದು ಅಡಿ ಎತ್ತರ ಸಾಕು. ದಿನವೂ ಬೆಳಗ್ಗೆ ಆ ಹಗ್ಗವನ್ನು ಒದ್ದೆ ಮಾಡುತ್ತಿದ್ದರೆ ಅಂಟುಬೇರುಗಳು ಅದರೊಳಗೆ ಹೊಕ್ಕು ಕೂರುತ್ತವೆ. ಗೇಣಿಗೊಂದರಂತೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ತಂತಿ, ನೈಲಾನ್ ದಾರ ಎರಡೂ ಕಾಂಡವನ್ನು ಕೊಯ್ಯುತ್ತವೆ. ಬಾಳೆನಾರಿನ ಗುಣವೇನೆಂದರೆ ಬಳ್ಳಿ ಹಿಡಿದುಕೊಳ್ಳುವ ಹೊತ್ತಿಗೆ ಅದು ತಾನಾಗಿ ಲಡ್ಡಾಗಿ ಉದುರುತ್ತದೆ.

ಇಳಿಸಿದ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಅನಂತರ ಬೆರಳನ್ನು ಮಣ್ಣಿನೊಳಗೆ ಒಂದು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹೂತ ಕಾಂಡದಲ್ಲಿ ಬೇರು ಬರುವ ಮೊದಲು ಮಣ್ಣು ಕೆಸರಾದರೆ ಕೊಳೆಯುವುದು ಖಂಡಿತ. ಈ ಅವಧಿಯಲ್ಲಿ ಹೆಚ್ಚಿನ ಬಳ್ಳಿಗಳು ಸಾಯುವುದು ಅತಿಯಾದ ಪ್ರೀತಿಯ ನೀರಿನಿಂದ. ತೊಟ್ಟಿಯ ಕೆಳಗೆ ನೀರು ನಿಲ್ಲುವ ತಟ್ಟೆ ಇಡಬೇಡಿ. ಬೆಳಗಿನ ಒಂಬತ್ತರವರೆಗಿನ ಎಳೆಬಿಸಿಲು ಬೀಳಲಿ, ಆಮೇಲೆ ನೆರಳಿರಲಿ. ನಿಮ್ಮದು ಪೂರ್ವದ ಬಾಲ್ಕನಿ, ಅದು ಈ ಬಳ್ಳಿಗೆ ಹೇಳಿ ಮಾಡಿಸಿದಂತಿದೆ. ಹತ್ತು ಗಂಟೆಯ ಮೇಲೂ ಬಿಸಿಲು ಬೀಳುವುದಾದರೆ ಐವತ್ತು ಶೇಕಡಾ ನೆರಳು ಕೊಡುವ ಬಲೆ ಕಟ್ಟಿ. ಬಿಸಿಲು ಹೆಚ್ಚಾದರೆ ಎಲೆ ಚಿಕ್ಕದಾಗಿ, ದಪ್ಪವಾಗಿ, ಖಾರವಾಗುತ್ತದೆ. ನೆರಳು ಹದವಾಗಿದ್ದರೆ ಅಗಲವಾಗಿ, ತೆಳ್ಳಗೆ, ಮೃದುವಾಗಿ ಬರುತ್ತದೆ.

ಮೂರು ನಾಲ್ಕು ವಾರಗಳಲ್ಲಿ ಮಣ್ಣಿನಿಂದ ಕೆಂಪು ಛಾಯೆಯ ಅಥವಾ ತಿಳಿಹಸಿರು ಮೊಳಕೆಗಳು ಏಳುತ್ತವೆ. ಅವು ಒಂದು ಗೇಣು ಬೆಳೆಯುವವರೆಗೆ ಗೊಬ್ಬರ ಬೇಡ. ಆಮೇಲೆ ಆರು ವಾರಕ್ಕೊಮ್ಮೆ ಒಂದು ಹಿಡಿ ಬೇವಿನ ಹಿಂಡಿ, ಎರಡು ಹಿಡಿ ಎರೆಗೊಬ್ಬರ ಹಾಕಿ ಮೇಲ್ಮಣ್ಣಿನಲ್ಲಿ ಮೆಲ್ಲಗೆ ಕಲಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ನಿಲ್ಲಿಸಿ, ಆಗ ಬಳ್ಳಿ ಉಣ್ಣುವುದಿಲ್ಲ. ಹತ್ತು ಮೊಳಕೆ ಬಂದರೂ ಗಟ್ಟಿಯಾದ ನಾಲ್ಕನ್ನು ಮಾತ್ರ ಕೊಳವೆಗೆ ಹತ್ತಿಸಿ. ಎಲ್ಲವನ್ನೂ ಬಿಟ್ಟರೆ ಮುಂದಿನ ವರ್ಷ ಮತ್ತೆ ಇದೇ ದೂರು.

ಮಳೆ ಜೋರಾದಾಗ ಎಲೆಯ ಅಂಚಿನಿಂದ ಶುರುವಾಗಿ ನೀರಿನಲ್ಲಿ ನೆನೆದಂತಹ ಕಂದುಮಚ್ಚೆ ಹರಡಿದರೆ, ಅಥವಾ ಮಣ್ಣು ಒದ್ದೆಯಿದ್ದರೂ ಬಳ್ಳಿ ಜೋಲುಬಿದ್ದರೆ, ಅದು ಫೈಟಾಫ್ತೊರ ಎಂಬ ರೋಗಾಣುವಿನ ಎಲೆಕೊಳೆ ಮತ್ತು ಬುಡಕೊಳೆ. ಎಲೆತೋಟಗಳನ್ನು ಹೆಚ್ಚು ಕಾಡುವುದು ಇದೇ. ಮಚ್ಚೆಯ ಎಲೆಗಳನ್ನು ಕೂಡಲೇ ತೆಗೆದು ಶೇಕಡಾ ಒಂದರ ಬೋರ್ಡೋ ದ್ರಾವಣ ಬಳಸಿ. ಹತ್ತು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ಹತ್ತು ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ, ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು. ಇದನ್ನು ಅಂದೇ ಬಳಸಬೇಕು. ಬುಡಕ್ಕೂ ಕಾಂಡಕ್ಕೂ ಹಾಕಿ, ತಿನ್ನುವ ಎಲೆಗೆ ಸಿಂಪಡಿಸಬೇಡಿ. ತಾಮ್ರ ಟ್ರೈಕೋಡರ್ಮವನ್ನೂ ಕೊಲ್ಲುತ್ತದೆ. ಹಾಗಾಗಿ ರೋಗ ಕಾಣದಿದ್ದರೆ ಬೋರ್ಡೋ ಬೇಡ, ಹಾಕಿದ್ದಾದರೆ ಒಂದು ತಿಂಗಳ ನಂತರ ಟ್ರೈಕೋಡರ್ಮವನ್ನು ಮತ್ತೆ ಕೊಡಿ. ಹಿಟ್ಟುತಿಗಣೆಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಕೆಲವು ಹನಿ ಸೋಪಿನ ನೀರು ಸಾಕು, ಹತ್ತು ದಿನ ಬಿಟ್ಟು ತೊಳೆದು ಎಲೆ ಬಳಸಿ. ಇದು ಹಸಿಯಾಗಿಯೇ ಬಾಯಿಗೆ ಹೋಗುವ ಎಲೆ. ಗುಲಾಬಿಗೆ ಹೊಡೆಯುವ ಕೀಟನಾಶಕ ಇದರ ಹತ್ತಿರಕ್ಕೂ ಬರಬಾರದು.

ಹಬ್ಬದ ವಿಷಯ ನೇರವಾಗಿ ಹೇಳುತ್ತೇನೆ. ಜೂನ್‌ನಲ್ಲಿ ಇಳಿಸಿದ ಬಳ್ಳಿಯಿಂದ ಆಗಸ್ಟ್ ಹೊತ್ತಿನ ವರಮಹಾಲಕ್ಷ್ಮಿಗೆ ಎಲೆ ಕೀಳಬೇಡಿ. ಎರಡು ತಿಂಗಳ ಎಳೆಹಂಬಿಗೆ ಒಂದೊಂದು ಎಲೆಯೂ ಅನ್ನ ಬೇಯಿಸುವ ಒಲೆ. ಈ ವರ್ಷ ಕಲಶಕ್ಕೆ ಮಾರುಕಟ್ಟೆಯಿಂದ ಮೈಸೂರು ಚಿಗುರೆಲೆ ತನ್ನಿ, ಸವಣೂರಿನ ಎಲೆ ಸಿಕ್ಕರೆ ಅದನ್ನೂ ನೋಡಿ. ದೀಪಾವಳಿಯ ಹೊತ್ತಿಗೆ ನಿಮ್ಮ ಬಳ್ಳಿಯಿಂದ ಒಂದಿಷ್ಟು ಕೀಳಬಹುದು. ಕೀಳುವಾಗ ಬಲಿತ, ಕೆಳಗಿನ ಎಲೆಯನ್ನು ತೊಟ್ಟಿನ ಸಮೇತ ಉಗುರಿನಿಂದ ಚಿವುಟಿ. ಪ್ರತಿ ಕೊಂಬೆಯ ತುದಿಯಲ್ಲಿ ಮೂರು ಎಲೆಗಳನ್ನು ಉಳಿಸಿ. ಕೀಳದೆ ಬಿಡುವುದೂ ಒಳ್ಳೆಯದಲ್ಲ, ಬಲಿತ ಎಲೆ ತೆಗೆದಷ್ಟೂ ಪಕ್ಕದ ಮೊಗ್ಗುಗಳು ಒಡೆಯುತ್ತವೆ.

ಇನ್ನು ಮೇಲೆ ಬಳ್ಳಿ ಕೊಳವೆಯ ತುದಿ ದಾಟಿ ಎಲೆ ಕುಗ್ಗಲು ಶುರುವಾದ ವರ್ಷ, ಮಳೆಗಾಲದ ಆರಂಭದಲ್ಲಿ ಮತ್ತೆ ಇಳಿಸಿ. ಐದಡಿಯ ಕೊಳವೆಯಾದ್ದರಿಂದ ಮುಂದಿನ ಸಲ ಒಬ್ಬರೇ ಮಾಡಬಹುದು.

ಇಳಿಸಿ ಐದು ವಾರ ಕಳೆದರೂ ಮೊಳಕೆ ಕಾಣದಿದ್ದರೆ ಗಾಬರಿಯಾಗಿ ಎಲ್ಲವನ್ನೂ ಕೆದಕಬೇಡಿ. ಒಂದು ಜಾಗದಲ್ಲಿ ಮಾತ್ರ ಬೆರಳಿನಿಂದ ಮಣ್ಣು ಸರಿಸಿ ಒಂದು ಗೆಣ್ಣನ್ನು ನೋಡಿ. ಬಿಳಿಯ ಎಳೆಬೇರು ಕಂಡರೆ ಮುಚ್ಚಿ, ಇನ್ನೂ ಮೂರು ವಾರ ಕಾಯಿರಿ. ಬೇರಿಲ್ಲ, ಆದರೆ ಕಾಂಡ ಗಟ್ಟಿಯಾಗಿ ಹಸಿರಾಗಿದ್ದರೆ ಮಣ್ಣು ತಂಪಾಗಿದೆ ಎಂದರ್ಥ, ತೊಟ್ಟಿಯನ್ನು ಇನ್ನಷ್ಟು ಬೆಳಕಿರುವ ಕಡೆಗೆ ಸರಿಸಿ ನೀರು ಕಡಿಮೆ ಮಾಡಿ. ಕಾಂಡ ಒತ್ತಿದರೆ ಕುಸಿಯುವಷ್ಟು ಮೆತ್ತಗಿದ್ದರೆ, ಮೆತ್ತಗಿರುವ ಭಾಗವನ್ನು ಎರಡೂ ಕಡೆ ಗಟ್ಟಿ ಕಾಂಡ ಸಿಗುವವರೆಗೆ ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಹೊಸ ಮಣ್ಣಿನಲ್ಲಿ ನೆಡಿ. ಆ ಹೊತ್ತಿಗೆ ಚೀಲ ಮುಚ್ಚಿಟ್ಟ ತುಂಡುಗಳು ಚಿಗುರಿರುತ್ತವೆ. ಅವುಗಳಲ್ಲಿ ಗಟ್ಟಿಯಾದ ಎರಡನ್ನು ತಡಮಾಡದೆ ಕೊಳವೆಯ ಬುಡಕ್ಕೆ ನೆಟ್ಟುಬಿಡಿ.